ಬಾನೆಟ್ಟಿನೊಳಗಿನ ಬುಸ್

ನಮ್ಮ ಮನೆಯಲ್ಲಿ ನಾವು ನಾಲ್ವರು, ಕಾರು ಒಂದು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು ಕಡಿಮೆ. ಹುಬ್ಬಳ್ಳಿ, ಮೈಸೂರು, ಪುತ್ತೂರು, ಶಿವಮೊಗ್ಗ ಅಂತ ಊರೇ ಹೆಸರಾಗಿಬಿಟ್ಟಿದೆ. ಕಳೆದ ವರ್ಷ ಆಗಸ್ಟ್‌ನಲ್ಲಿ, ಓದು ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ಸೀನಿಯರ್ ಒಬ್ಬರಿಂದ ತಲಾ 900 ಡಾಲರ್ ಹಾಕಿ ಒಟ್ಟು 3,600ಕ್ಕೆ ಆ ಕಾರನ್ನು ಕೊಂಡೆವು. 2008ರ ಮಾಡೆಲ್, ಓಡಿದ್ದು 1,38,000 ಮೈಲಿ. ಕೀ ಕೈಗೆ ಕೊಡುವಾಗ ಅವರು, "ಇದು ನಿಮ್ಮನ್ನ ಎಲ್ಲೂ ಕೈಬಿಡಲ್ಲ ಕಣ್ರೋ" ಅಂದಿದ್ದರು. ನಿಜಕ್ಕೂ ಕಾರು ಕೈಬಿಡಲಿಲ್ಲ. ಕೈಬಿಡಲು ಹೊರಟಿದ್ದವರು ನಾವೇ.

ಮಿಶಿಗನ್‌ನಲ್ಲಿ ಕಾರಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನು ಇಲ್ಲಿನ ಓದುಗರಿಗೆ ವಿವರಿಸಬೇಕಿಲ್ಲ. ಸೋನಾ ಮಸೂರಿ ಅಕ್ಕಿಯ 20 ಪೌಂಡ್ ಚೀಲ ಹೊತ್ತುಕೊಂಡು ಹಿಮದಲ್ಲಿ ಬಸ್ಸಿಗೆ ಕಾದವರಿಗೆ ಅದು ಗೊತ್ತೇ ಇದೆ. ಈ ಕಾರಿನಲ್ಲೇ ನಾವು ನೋವಿಯ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಪ್ರಸಾದ ಅಂತ ಹೇಳಿ ಎರಡು ಸಲ ಊಟ ಮಾಡಿ ಬಂದದ್ದು. ನಮ್ಮ ಸಂಘಕ್ಕೆ ಹೊಸದಾಗಿ ಬಂದವರನ್ನು ಡೆಟ್ರಾಯಿಟ್ ಏರ್‌ಪೋರ್ಟಿನಿಂದ ಕರೆತಂದದ್ದೂ ಇದರಲ್ಲೇ. ಮನೆ ಬಾಡಿಗೆ, ಪೆಟ್ರೋಲು, ಇನ್ಶೂರೆನ್ಸು ಎಲ್ಲದಕ್ಕೂ ಒಂದು ಶೀಟ್ ಇಟ್ಟಿದ್ದೆವು. ತಿಂಗಳ ಕೊನೆಗೆ ನಾಲ್ಕರಿಂದ ಭಾಗಿಸಿದರೆ ಲೆಕ್ಕ ಮುಗಿಯುತ್ತಿತ್ತು.

ಥ್ಯಾಂಕ್ಸ್‌ಗಿವಿಂಗ್ ರಜೆಯ ವಾರ ಚಳಿ ಜೋರಾಯಿತು. ಒಂದು ಸಂಜೆ ದಿನಸಿ ತರಲು ಹೋಗಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಬಾನೆಟ್ಟಿನ ಒಳಗಿಂದ "ಸುಸ್ಸ್ಸ್" ಅಂತ ಶುರುವಾಯಿತು. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಬರುತ್ತದಲ್ಲ, ಅದೇ ಸದ್ದು. ಹಸಿರು ದೀಪ ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಇಲ್ಲವಾಯಿತು. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಬುಸ್. ನಿಂತ ಕಾರಿನಲ್ಲಿ ಸುಮಾರು 700ರ ಹತ್ತಿರ ಇರಬೇಕಾಗಿದ್ದ ಆರ್‌ಪಿಎಂ ಮುಳ್ಳು 1,200ಕ್ಕೆ ಏರಿ ಅಲ್ಲೇ ಅಲ್ಲಾಡುತ್ತಿತ್ತು. ಹುಬ್ಬಳ್ಳಿ ಮ್ಯೂಸಿಕ್ ಸೌಂಡ್ ಜಾಸ್ತಿ ಮಾಡಿದ. ಎರಡು ದಿನ ಅದೇ ನಮ್ಮ ರಿಪೇರಿ. ಮೂರನೇ ದಿನ ಹಳದಿ ಚೆಕ್ ಎಂಜಿನ್ ದೀಪ ಹತ್ತಿತು.

ಹತ್ತಿರದ ಗ್ಯಾರೇಜಿಗೆ ಒಯ್ದೆವು. ಐದು ನಿಮಿಷ ಕಂಪ್ಯೂಟರ್ ಚುಚ್ಚಿ ನೋಡಿ ಒಂದು ಚೀಟಿ ಕೊಟ್ಟರು. ಗಾಳಿ ಅಳೆಯುವ ಸೆನ್ಸರ್ ಬದಲಿಸಬೇಕು, ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಬದಲಿಸಬೇಕು, ಕೂಲಿ ಸೇರಿ 640 ಡಾಲರ್. ಚೀಟಿ ಹಿಡಿದು ಮನೆಗೆ ಬಂದ ಮೇಲೆ, ಇದು ಹೇಗೆ ಕೆಟ್ಟಿತು ಅನ್ನುವುದರ ಬದಲು ಯಾರು ಕೆಡಿಸಿದರು ಅಂತ ಹುಡುಕಲು ಶುರುಮಾಡಿದೆವು.

ಉತ್ತರ ಸಿದ್ಧವಾಗಿಯೇ ಇತ್ತು. ಎರಡು ವಾರದ ಹಿಂದೆ ಶಿವಮೊಗ್ಗ ತಾನೇ ಏರ್ ಫಿಲ್ಟರ್ ಬದಲಿಸಿದ್ದ. ಗ್ಯಾರೇಜಿನಲ್ಲಿ 55 ಡಾಲರ್ ಕೇಳಿದ್ದರು. ಅವನು 16 ಡಾಲರಿನ ಫಿಲ್ಟರ್ ತಂದು, ಪಾರ್ಕಿಂಗ್ ಲಾಟಿನಲ್ಲೇ ಡಬ್ಬಿ ಬಿಚ್ಚಿ ಹಾಕಿದ್ದ. ಆಗ ನಾವು ಭೇಷ್ ಅಂದಿದ್ದೆವು. ಈಗ ಹುಬ್ಬಳ್ಳಿ, "ಮೂವತ್ತೊಂಬತ್ತು ಡಾಲರ್ ಉಳಿಸಾಕ ಹೋಗಿ ಆರುನೂರಾ ನಲವತ್ತು ಕಳ್ಕೊಂಡ್ವಿ ನೋಡ್ರಿ" ಅಂದ. ಮೈಸೂರು ಹೌದು ಕಣೋ ಅಂದ. ಪುತ್ತೂರು ಸುಮ್ಮನಿದ್ದ, ಆದರೆ ಅಲ್ಲ ಅಂತಲೂ ಹೇಳಲಿಲ್ಲ. ಆ ರಾತ್ರಿ ನಾವು ಮೂವರೇ ಇರುವ ಒಂದು ಹೊಸ ವಾಟ್ಸಾಪ್ ಗ್ರೂಪ್ ಹುಟ್ಟಿತು. ಅದರ ಮೊದಲ ಮೆಸೇಜು: ಅರ್ಧ ಅವನೇ ಕೊಡಲಿ.

ಅಂದರೆ 320 ಡಾಲರ್. ಮರುದಿನ ಊಟದ ಹೊತ್ತಿಗೆ ಹೇಳಿದೆವು. ಶಿವಮೊಗ್ಗ ಜಗಳ ಆಡುತ್ತಾನೆ ಅಂದುಕೊಂಡು ವಾದವನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆವು. ಅವನು ತಟ್ಟೆ ನೋಡುತ್ತಾ, "ಸರಿ, ಕೊಡ್ತೀನಿ. ಒಂದೇ ಸಲ ಆಗಲ್ಲ, ಎರಡು ಕಂತು ಮಾಡ್ಕೊಳ್ಳಿ" ಅಂದ. ಅಸಿಸ್ಟೆಂಟ್‌ಶಿಪ್ ಇರುವವನಿಗೆ 320 ಡಾಲರ್‌ಗೆ ಕಂತು ಯಾಕೆ ಅಂತ ನಮ್ಮ ಮೂವರ ಗ್ರೂಪಿನಲ್ಲಿ ಚರ್ಚೆ ನಡೆಯಿತು. ಜಿಪುಣ ಅನ್ನುವ ಪದ ಅಲ್ಲಿ ಬಂತು. ಯಾರು ಬರೆದರು ಅಂತ ಇಲ್ಲಿ ಹೇಳುವುದಿಲ್ಲ. ಮೂವರೂ ಅದಕ್ಕೆ ನಗುವ ಮುಖ ಒತ್ತಿದ್ದೆವು.

ದುಡ್ಡು ಕಟ್ಟುವ ಮುಂಚೆ ಒಂದು ಮಾತು ಕೇಳೋಣ ಅಂತ ಪುತ್ತೂರು ತನ್ನ ಮಾವನಿಗೆ ಫೋನ್ ಮಾಡಿದ. ಅವರು ಊರಿನಲ್ಲಿ ಜೀಪು ರಿಪೇರಿ ಮಾಡುವವರು. ನಮಗೆ ರಾತ್ರಿ ಎಂಟೂವರೆ, ಅವರಿಗೆ ಬೆಳಿಗ್ಗೆ ಏಳು. ಚಹಾ ಕುಡಿಯುತ್ತಾ ಕೇಳಿಸಿಕೊಂಡರು.

"ನಿಂತಾಗ ಬರ್ತದಾ, ಓಡುವಾಗ ಬರ್ತದಾ?"

"ನಿಂತಾಗ ಮಾವ. ರೇಸ್ ಕೊಟ್ಟರೆ ಹೋಗ್ತದೆ."

"ಹೊಗೆ, ಹಬೆ ಎಂತಾದ್ರೂ ಉಂಟಾ? ಸಿಹಿ ಸಿಹಿ ವಾಸನೆ?"

"ಇಲ್ಲ."

"ಹಾಗಾದ್ರೆ ಕೂಲೆಂಟ್ ಅಲ್ಲ. ಬ್ರೇಕ್ ಒತ್ತಿದರೆ ಸದ್ದು ಬದಲಾಗ್ತದಾ? ಪೆಡಲ್ ಗಟ್ಟಿ ಆಗಿದೆಯಾ?"

"ಇಲ್ಲ ಮಾವ, ಬ್ರೇಕ್ ಸರಿ ಉಂಟು."

"ಅಬ್ಬ, ಬದುಕಿದಿರಿ. ಅದು ಆಗಿದ್ರೆ ಒಂದು ಹೆಜ್ಜೆ ಓಡಿಸ್ಬಾರದಿತ್ತು. ಇದು ಎಲ್ಲಿಯೋ ಏರ್ ಎಳೀತಾ ಉಂಟು. ಏನನ್ನೂ ಬಿಚ್ಚಬೇಡಿ ಈಗ. ಆ ಫಿಲ್ಟರ್ ಹಾಕಿದವನು ಯಾರು? ಅವನ ಹತ್ರ ಕೇಳಿದಿರಾ, ಎಂತೆಲ್ಲ ಮುಟ್ಟಿದ ಅಂತ?"

ಕೇಳಿರಲಿಲ್ಲ. ದಂಡ ಹಾಕಿದ್ದೆವು, ಏನು ಮಾಡಿದೆ ಅಂತ ಒಂದು ಮಾತೂ ಕೇಳಿರಲಿಲ್ಲ. ಪುತ್ತೂರು ಫೋನ್ ಹಿಡಿದು ತಡವರಿಸಿದ. ಆ ಕಡೆಯಿಂದ ಮಾವ, "ಮೊದಲು ಅವನಲ್ಲಿ ಕೇಳಿ. ಆಮೇಲೆ ಎಂಜಿನ್ ಹತ್ರ ಕೇಳುವ" ಅಂದರು.

ಆ ವಾರ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿಷಯವನ್ನು ಓದಿ ತಿಳಿದುಕೊಂಡೆವು. ಎಂಜಿನ್ ಅಂದರೆ ಒಂದು ರೀತಿಯ ಗಾಳಿ ಪಂಪು. ಪಿಸ್ಟನ್ ಕೆಳಗಿಳಿದಾಗಲೆಲ್ಲ ಗಾಳಿ ಎಳೆದುಕೊಳ್ಳುತ್ತದೆ. ಕಾರು ನಿಂತಿದ್ದಾಗ, ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಒಳಗೆ ಎಳೆತ, ಮುಂದೆ ಮುಚ್ಚಿದ ಬಾಗಿಲು. ಹಾಗಾಗಿ ಬಾಗಿಲಿನ ಹಿಂದಿನ ಮ್ಯಾನಿಫೋಲ್ಡಿನಲ್ಲಿ ಒತ್ತಡ ತುಂಬ ಕಡಿಮೆ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್‌ನಲ್ಲಿ ಇದು ಹೊರಗಿನ ಗಾಳಿಗಿಂತ ಸುಮಾರು 18ರಿಂದ 22 ಇಂಚು ಪಾದರಸದಷ್ಟು ಕಡಿಮೆ ಇರುತ್ತದೆ. ಇದೇ ವ್ಯಾಕ್ಯೂಮ್. ಈ ಜಾಗಕ್ಕೆ ಸೇರುವ ಯಾವುದೇ ರಬ್ಬರ್ ಪೈಪು ಸೀಳಿದರೆ ಹೊರಗಿನ ಗಾಳಿ ಆ ಸಣ್ಣ ಸಂದಿಯಲ್ಲಿ ನುಗ್ಗುತ್ತದೆ. ಬುಸ್ ಅನ್ನುವುದು ಅದೇ. ಆಕ್ಸಿಲರೇಟರ್ ಒತ್ತಿದರೆ ಬಾಗಿಲು ತೆರೆದು ಎಳೆತ ಕಮ್ಮಿಯಾಗುತ್ತದೆ, ಸದ್ದೂ ಅಡಗುತ್ತದೆ.

ಇನ್ನೊಂದು ತೊಂದರೆ ಲೆಕ್ಕದ್ದು. ಒಳಗೆ ಹೋಗುವ ಗಾಳಿಯನ್ನು ಏರ್ ಫಿಲ್ಟರಿನ ಪಕ್ಕದ ಸೆನ್ಸರ್ ಅಳೆಯುತ್ತದೆ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಅನ್ನುವ ಹದದಲ್ಲಿ ಕಂಪ್ಯೂಟರ್ ಪೆಟ್ರೋಲು ಬಿಡುತ್ತದೆ. ಸೀಳಿನಿಂದ ನುಗ್ಗಿದ ಗಾಳಿ ಸೆನ್ಸರಿನ ಎದುರು ಹಾದುಹೋಗದ ಕಳ್ಳ ಗಾಳಿ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್, ಗಾಳಿ ಹೆಚ್ಚಾಯಿತು ಅಂತ ದೂರು ಕೊಡುತ್ತದೆ. ಕಂಪ್ಯೂಟರ್ ಪೆಟ್ರೋಲು ಹೆಚ್ಚಿಸುತ್ತಾ ಹೋಗಿ, ಮಿತಿ ದಾಟಿದಾಗ ದೀಪ ಹೊತ್ತಿಸುತ್ತದೆ. ನಮ್ಮ ಚೀಟಿಯಲ್ಲಿದ್ದ ಪಿ0171 ಅನ್ನುವ ಕೋಡಿನ ಅರ್ಥ ಇಷ್ಟೇ: ಮಿಶ್ರಣದಲ್ಲಿ ಪೆಟ್ರೋಲು ಸಾಲದು. ಯಾವ ಪಾರ್ಟ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಮೈನಸ್ ಆರು ಡಿಗ್ರಿಯಲ್ಲಿ ನಾಲ್ವರೂ ಪಾರ್ಕಿಂಗ್ ಲಾಟಿನಲ್ಲಿ ನಿಂತೆವು. ಪಾರ್ಕ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದೆವು. ಮಾವ ವಿಡಿಯೋ ಕಾಲಿನಲ್ಲಿ ಮೊದಲು ನೋಡಿದ್ದು ಎಂಜಿನ್ ಅಲ್ಲ, ನಮ್ಮ ಕುತ್ತಿಗೆ. "ಆ ಮಫ್ಲರ್ ತೆಗೀರಿ ಎಲ್ಲರೂ. ಬೆಲ್ಟಿಗೆ ಸಿಕ್ಕಿದ್ರೆ ತಲೆಯನ್ನೇ ಎಳೀತದೆ." ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ ಅಂತಲೂ ಹೇಳಿದರು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಮೊದಲು ಏರ್ ಫಿಲ್ಟರ್. ಶಿವಮೊಗ್ಗ ಮಾತಾಡದೆ ಡಬ್ಬಿಯ ಕ್ಲಿಪ್ಪು ತೆಗೆದು, ಫಿಲ್ಟರ್ ಎತ್ತಿ ತೋರಿಸಿ, ಮತ್ತೆ ಕೂರಿಸಿ, ಪೈಪಿನ ಕ್ಲ್ಯಾಂಪನ್ನು ಅಲ್ಲಾಡಿಸಿ ತೋರಿಸಿದ. ಎಲ್ಲ ಬಿಗಿಯಾಗಿತ್ತು. ಫಿಲ್ಟರಿನ ಅಂಚು ಒಂದು ಕೂದಲಿನಷ್ಟೂ ಜರುಗಿರಲಿಲ್ಲ. "ಚಂದ ಹಾಕಿದ್ದಿ ಮಗಾ" ಅಂದರು ಮಾವ. ಆ ಮಾತು ಅವನಿಗೆ ಎರಡು ವಾರ ತಡವಾಗಿ, ಎಂಟು ಸಾವಿರ ಮೈಲಿ ದೂರದಿಂದ ಬಂದಿತ್ತು. ನಾವು ಮೂವರು ಟಾರ್ಚ್ ಸರಿಮಾಡಿಕೊಳ್ಳುತ್ತಿದ್ದೆವು.

ಆಮೇಲೆ 22 ಡಾಲರಿಗೆ ತರಿಸಿದ್ದ ಸ್ಕ್ಯಾನರ್. 1996ರಿಂದ ಅಮೆರಿಕದಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆಲ್ಲ ಸ್ಟೇರಿಂಗಿನ ಕೆಳಗೆ ಒಂದೇ ನಮೂನೆಯ ಕನೆಕ್ಟರ್ ಇದೆ. ಅದಕ್ಕೆ ಇದನ್ನು ಸಿಕ್ಕಿಸಿದರೆ ಫೋನಿನಲ್ಲೇ ಎಲ್ಲ ಕಾಣುತ್ತದೆ. ಕಂಪ್ಯೂಟರ್ ಎಷ್ಟು ಪೆಟ್ರೋಲು ಹೆಚ್ಚಿಸುತ್ತಿದೆ ಅನ್ನುವ ಅಂಕಿಗೆ ಫ್ಯೂಯೆಲ್ ಟ್ರಿಮ್ ಅನ್ನುತ್ತಾರೆ. ಕಾರು ನಿಂತಿದ್ದಾಗ ಅದು ಶೇಕಡಾ 23 ಇತ್ತು. 2,500 ಆರ್‌ಪಿಎಂ ವರೆಗೆ ರೇಸ್ ಮಾಡಿದಾಗ 4ಕ್ಕೆ ಇಳಿಯಿತು. ಇದು ಮುಖ್ಯವಾದ ಸುಳಿವು. ಸೆನ್ಸರ್ ಕೊಳೆಯಾಗಿದ್ದರೆ ಗಾಳಿ ಹೆಚ್ಚಾದಂತೆ ತಪ್ಪೂ ಹೆಚ್ಚಾಗಬೇಕು. ಇಲ್ಲಿ ಉಲ್ಟಾ. ಎಳೆತ ಜೋರಾಗಿದ್ದಾಗ ಮಾತ್ರ ತೊಂದರೆ, ಅಂದರೆ ಥ್ರಾಟಲಿನ ಹಿಂದೆ ಎಲ್ಲೋ ಸೀಳಿದೆ. ಸೆನ್ಸರಿಗೆ ದುಡ್ಡು ಸುರಿದಿದ್ದರೂ ಬುಸ್ ಹೋಗುತ್ತಿರಲಿಲ್ಲ.

ಎಲ್ಲಿ ಸೀಳಿದೆ ಅಂತ ಕಿವಿಗೆ ಗೊತ್ತಾಗಲಿಲ್ಲ. ಬಾನೆಟ್ ತೆರೆದರೆ ಸದ್ದು ನಾಲ್ಕು ಕಡೆಯಿಂದಲೂ ಬಂದಂತೆ ಕೇಳುತ್ತದೆ. ಹುಬ್ಬಳ್ಳಿ ಬ್ಯಾಟರಿಯ ಹತ್ತಿರ ಅಂದ, ಮೈಸೂರು ಬಲಗಡೆ ಅಂದ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ಒಂದು ವಿಧಾನವಿದೆ ಅಂತ ಓದಿದ್ದೆವು. ಕೆಮಿಸ್ಟ್ರಿ ಓದುವ ಪುತ್ತೂರು, "ಬಿಸಿ ಎಂಜಿನ್ ಮೇಲೆ ಬೆಂಕಿ ಹಿಡಿಯುವ ಸ್ಪ್ರೇ ಹೊಡೀಲಿಕ್ಕೆ ನಾನು ಬಿಡುವುದಿಲ್ಲ ಮಾರಾಯ" ಅಂದ. ಮಾವನ ವಿಧಾನ ಸುಲಭದ್ದು. ತೋಟಕ್ಕೆ ನೀರು ಬಿಡುವ ಪೈಪಿನ ಮೂರಡಿ ತುಂಡು ತಗೊಳ್ಳಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಒಂದೊಂದೇ ಪೈಪಿನ ಹತ್ತಿರ ನಿಧಾನಕ್ಕೆ ಒಯ್ಯಿರಿ. ಬೆಲ್ಟಿನಿಂದ, ಫ್ಯಾನಿನಿಂದ ದೂರ. ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ.

ಪೈಪನ್ನು ಶಿವಮೊಗ್ಗ ತೆಗೆದುಕೊಂಡ. ಕಣ್ಣು ಮುಚ್ಚಿ ಬಗ್ಗಿದ. ಹತ್ತು ನಿಮಿಷ ನಾವು ಯಾರೂ ಮಾತಾಡಲಿಲ್ಲ. ಮ್ಯಾನಿಫೋಲ್ಡಿನ ಹಿಂಬದಿಗೆ ಹೋದಾಗ ಅವನು ಬೆಚ್ಚಿ ತಲೆ ಎತ್ತಿದ. "ಇಲ್ಲಿ! ಕಿವಿ ಹರಿದುಹೋಗೋ ಹಂಗೆ ಕೇಳ್ತಿದೆ." ಎಂಜಿನ್ ಇನ್ನೂ ಪೂರ್ತಿ ಬಿಸಿಯಾಗಿರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಕೈ ತೂರಿಸಿ, ಮೊಣಕೈಯಂತೆ ಬಾಗಿದ್ದ ಹೆಬ್ಬೆರಳು ಗಾತ್ರದ ರಬ್ಬರ್ ಹೋಸಿನ ತಳಕ್ಕೆ ಬೆರಳು ಒತ್ತಿದ. ಬುಸ್ ನಿಂತಿತು. ಒಳಗೆ ಕೂತಿದ್ದ ಮೈಸೂರು, "ಏಳುನೂರೈವತ್ತು! ಏಳುನೂರೈವತ್ತಕ್ಕೆ ಇಳೀತು ಕಣೋ!" ಅಂತ ಕೂಗಿದ. ಬೆರಳು ತೆಗೆದರೆ ಮತ್ತೆ ಬುಸ್, ಮತ್ತೆ 1,200. ಇಟ್ಟರೆ ನಿಶ್ಶಬ್ದ. ಮೂರು ಸಲ ಹಾಗೇ ಮಾಡಿ ನೋಡಿದೆವು. ಇಷ್ಟು ಸಂತೋಷ ನಮಗೆ ಯಾವ ಪರೀಕ್ಷೆಯಲ್ಲೂ ಆಗಿಲ್ಲ.

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಹೋಸನ್ನು ಬಿಚ್ಚಿದೆವು. ಇದಕ್ಕೆ ಪಿಸಿವಿ ಹೋಸ್ ಅನ್ನುತ್ತಾರೆ. ಪಿಸ್ಟನ್ ಪಕ್ಕದಿಂದ ಎಂಜಿನಿನ ಕೆಳಭಾಗಕ್ಕೆ ಸೋರುವ ಅನಿಲವನ್ನು ಮತ್ತೆ ಮ್ಯಾನಿಫೋಲ್ಡಿಗೆ ಸಾಗಿಸಿ ಸುಡುವುದು ಇದರ ಕೆಲಸ. ವರ್ಷಗಟ್ಟಲೆ ಎಣ್ಣೆಯ ಆವಿ, ಎಂಜಿನ್ ಬಿಸಿ, ಮಿಶಿಗನ್ ಚಳಿ ಎಲ್ಲ ತಿಂದು ರಬ್ಬರ್ ಗಟ್ಟಿಯಾಗಿತ್ತು. ತಿರುವಿನ ತಳದಲ್ಲಿ, ಮೇಲಿನಿಂದ ನೋಡಿದರೆ ಕಾಣದ ಜಾಗದಲ್ಲಿ, ಬೇಸಾಯದವರ ಹಿಮ್ಮಡಿಯಂತೆ ಒಡೆದಿತ್ತು. ಏರ್ ಫಿಲ್ಟರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹುಬ್ಬಳ್ಳಿ ಅದನ್ನು ಕೈಯಲ್ಲಿ ತಿರುಗಿಸುತ್ತಾ, "ಅಂದ್ರ ಇದನ್ನ ಯಾರೂ ಮಾಡಿಲ್ಲ" ಅಂದ.

ತಪ್ಪು ಯಾರದ್ದೋ ಒಬ್ಬರದ್ದಾಗಿದ್ದರೆ ನಮಗೆ ಸುಲಭವಿತ್ತು. ಏನು ಹೇಳುವುದು ಅಂತ ತೋಚದೆ ನಿಂತಿದ್ದಾಗ ಶಿವಮೊಗ್ಗನೇ ಮಾತು ಶುರುಮಾಡಿದ. "ಹಂಗಾದ್ರೆ ಮುನ್ನೂರಿಪ್ಪತ್ತು ಉಳೀತು. ಜನವರಿ ಬಾಡಿಗೆಗೆ ಆಗುತ್ತೆ."

ಬಾಡಿಗೆಗೆ ಯಾಕೋ ಅಂತ ಕೇಳಿದೆವು. ಕೈಯ ಮಸಿ ಒರೆಸಿಕೊಳ್ಳುತ್ತಾ ಹೇಳಿದ. ಮುಂದಿನ ಸೆಮಿಸ್ಟರಿಗೆ ಅಸಿಸ್ಟೆಂಟ್‌ಶಿಪ್ ಇಲ್ಲ ಅಂತ ಅಕ್ಟೋಬರಿನಲ್ಲೇ ಈಮೇಲ್ ಬಂದಿತ್ತು. ಪ್ರಾಜೆಕ್ಟಿನ ದುಡ್ಡು ಮುಗಿದಿತ್ತು. ಮನೆಯಲ್ಲಿ ಹೇಳಿರಲಿಲ್ಲ, ಅಡಿಕೆ ತೋಟದ ಮೇಲೆ ಆಗಲೇ ಒಂದು ಸಾಲ ಇತ್ತು. ಎಫ್-1 ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವ ಹಾಗಿಲ್ಲ. ಆ 20 ಗಂಟೆಯ ಕೆಲಸಕ್ಕಾಗಿ ಅವನು ಡೈನಿಂಗ್ ಹಾಲಿನಿಂದ ಲೈಬ್ರರಿಯವರೆಗೆ ಅಲೆಯುತ್ತಿದ್ದ. ಕೋಣೆಯನ್ನು ಬೇರೆಯವರಿಗೆ ಕೊಟ್ಟು ಇನ್ನೂ ಕಡಿಮೆ ಬಾಡಿಗೆಯ ಜಾಗ ಹುಡುಕಲು ಶುರುಮಾಡಿದ್ದ. ಫಿಲ್ಟರಿನಲ್ಲಿ ಉಳಿದ 39 ಡಾಲರಿನಲ್ಲಿ ಅವನ ಪಾಲು ಹತ್ತು ಡಾಲರ್‌ಗೂ ಕಡಿಮೆ. ಆ ತಿಂಗಳು ಅದೂ ಅವನಿಗೆ ಲೆಕ್ಕಕ್ಕಿತ್ತು. ಎರಡು ತಿಂಗಳು ಒಂದೇ ಅಡುಗೆಮನೆಯಲ್ಲಿ ಅನ್ನ ಬೇಯಿಸಿದ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ.

"ಹೇಳಬಾರದಿತ್ತೇನೋ?" ಅಂದ ಮೈಸೂರು.

"ನೀವು ಕೇಳ್ಲಿಲ್ವಲ್ಲ" ಅಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಒಳ್ಳೆಯದಿತ್ತು ಅಂತ ಈಗಲೂ ಅನ್ನಿಸುತ್ತದೆ.

ಹೊಸ ಹೋಸಿನ ಬೆಲೆ 14 ಡಾಲರ್. ಬರಲು ಎರಡು ದಿನ. ಅಲ್ಲಿಯವರೆಗೆ ಮಾವ ಹೇಳಿದಂತೆ ಪಂಕ್ಚರಾದ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಹಳೆಯದಕ್ಕೆ ಬಿಗಿಯಾಗಿ ಸುತ್ತಿದೆವು. ಎಣ್ಣೆಯ ಆವಿಗೆ ಅದು ಬಹಳ ದಿನ ಬಾಳುವುದಿಲ್ಲ, ತಾತ್ಕಾಲಿಕ ಮಾತ್ರ. ಮಂಗಳವಾರ ಹೊಸದು ಬಂತು. ಇಕ್ಕಳದಲ್ಲಿ ಸ್ಪ್ರಿಂಗ್ ಕ್ಲ್ಯಾಂಪ್ ಹಿಸುಕಿ ಹಿಂದೆ ಸರಿಸುವುದು, ಹೋಸ್ ತಳ್ಳುವುದು, ಕ್ಲ್ಯಾಂಪನ್ನು ಮೊದಲಿನ ಜಾಗಕ್ಕೆ ತರುವುದು. ಇಪ್ಪತ್ತು ನಿಮಿಷದ ಕೆಲಸ. ಕೋಡ್ ಅಳಿಸಿದ ಮೇಲೆ ದೀಪ ಮತ್ತೆ ಹತ್ತಲಿಲ್ಲ. ಸ್ಕ್ಯಾನರ್ ಸೇರಿ ಒಟ್ಟು ಖರ್ಚು 36 ಡಾಲರ್, ತಲಾ ಒಂಬತ್ತು. ಶೀಟಿನಲ್ಲಿ ಬರೆದ 320ರ ಸಾಲನ್ನು ಹುಬ್ಬಳ್ಳಿಯೇ ಅಳಿಸಿದ. "ತಪ್ಪಾತಪ್ಪಾ, ಮನಸ್ಸಿನ್ಯಾಗ ಇಟ್ಕೋಬ್ಯಾಡ" ಅಂದ. ಶಿವಮೊಗ್ಗ "ಇರ್ಲಿ ಬಿಡ್ರೋ" ಅಂದ.

ಇಷ್ಟಕ್ಕೆ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅವನ ಫೀಸಿನ ಹೊರೆ ಹಾಗೇ ಇತ್ತು. ನಾವು ಮಾಡಿದ್ದು ಸಣ್ಣದು. ಎರಡು ತಿಂಗಳು ಬಾಡಿಗೆಯನ್ನು ಮೂರರಿಂದ ಭಾಗಿಸಿದೆವು. ಅವನು ಬೇಡ ಅಂದಾಗ, ಸಾಲ ಅಂತ ಶೀಟಿನಲ್ಲಿ ಬರೆದುಕೊಂಡೆವು. ಸಂಘದ ಸೀನಿಯರ್‌ಗಳನ್ನೆಲ್ಲ ಕೇಳುತ್ತಾ ಹೋಗಿ, ಬೇರೆ ಡಿಪಾರ್ಟ್‌ಮೆಂಟಿನಲ್ಲಿ ಗ್ರೇಡರ್ ಬೇಕಾಗಿದ್ದಾರೆ ಅನ್ನುವ ಸುದ್ದಿ ಜನವರಿಯಲ್ಲಿ ಸಿಕ್ಕಿತು. ಆ ಕೆಲಸ ಅವನಿಗಾಯಿತು. ಮನೆಗೆ ಫೋನ್ ಮಾಡಿ ವಿಷಯ ಹೇಳಿದ ದಿನ ನಾವು ಮೂವರೂ ಅಡುಗೆಮನೆಯಲ್ಲೇ ಇದ್ದೆವು. ಅವನು ಇರಿ ಅಂದಿದ್ದ.

ಮೂವರ ಆ ಗ್ರೂಪನ್ನು ಅಳಿಸಿದ್ದೆವು, ಅವನಿಗೆ ಹೇಳಿರಲಿಲ್ಲ. ಈ ಬರಹವನ್ನು ಸಂಘಕ್ಕೆ ಕಳಿಸುವ ಮುಂಚೆ ಅವನಿಗೆ ಓದಲು ಕೊಟ್ಟೆವು. ಆ ಭಾಗಕ್ಕೆ ಬಂದಾಗ ಓದುವುದನ್ನು ನಿಲ್ಲಿಸಿ, "ಗೊತ್ತಿತ್ತು" ಅಂದ. ಒಂದು ದಿನ ಚಾರ್ಜಿಗೆ ಹಾಕಿದ್ದ ಹುಬ್ಬಳ್ಳಿಯ ಫೋನಿನಲ್ಲಿ ಮೆಸೇಜು ಮಿನುಗಿತ್ತಂತೆ. ತೆಗೆದುಬಿಡೋಣವಾ ಅಂತ ಕೇಳಿದೆವು. "ಬೇಡ, ಇರಲಿ. ಆದ್ರೆ ಹೋಸ್ ಹುಡುಕಿದ್ದು ನಾನು ಅಂತ ಸರಿಯಾಗಿ ಬರೀರಿ" ಅಂದ. ಬರೆದಿದ್ದೇವೆ.

ಒಡೆದ ಹೋಸು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿದೆ. ಮೂರಡಿ ಪೈಪು ಮತ್ತು ಸ್ಕ್ಯಾನರ್ ಡಿಕ್ಕಿಯಲ್ಲಿವೆ. ನಿಮ್ಮ ಕಾರು ಬುಸುಗುಟ್ಟಿದರೆ ಮೊದಲು ಹಬೆ ಇದೆಯಾ, ಬ್ರೇಕ್ ಗಟ್ಟಿಯಾಗಿದೆಯಾ ನೋಡಿ. ಎರಡರಲ್ಲಿ ಒಂದಿದ್ದರೂ ಓಡಿಸಬೇಡಿ, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಇಲ್ಲದಿದ್ದರೆ ಭಾನುವಾರ ನಮ್ಮ ಮನೆಗೆ ತನ್ನಿ. ನಾವು ನಾಲ್ವರೂ ಇರುತ್ತೇವೆ. ಚಹಾ ನಮ್ಮದು, ಮಫ್ಲರ್ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.